ನೀರಿನ ಆಚೆಯಿಂದ ಕರೆದೋರು

ಅಲ್ಲ ಕಣೇ, ಸೋಮವಾರ ಅಲ್ಲ, ಕಟ್ಟೆ ಒಡೆದಿದ್ದು ಭಾನುವಾರ. ಭಾನುವಾರ ಬೆಳಿಗ್ಗೆ, ನಾನಿನ್ನೂ ಮುಖಕ್ಕೆ ನೀರು ಹಾಕ್ಕೊಂಡಿರ್ಲಿಲ್ಲ. ಕಾರ್ತಿಕದ ಮಳೆ, ಎಂಟು ದಿನದಿಂದ ಹಿಡ್ಕೊಂಡಿತ್ತು. ನಮ್ಮ ಮುಳಬಾಗಿಲು ಕಡೆ ಕೆರೆ ಅಂದ್ರೆ ಏನು, ಹುಡುಗ್ರು ಕ್ರಿಕೆಟ್ಟು ಆಡೋ ಜಾಗ, ನಿಮ್ಮಪ್ಪನೂ ಅಲ್ಲೇ ಆಡಿ ಮಂಡಿ ಒಡ್ಕೊಂಡಿದ್ದು. ಅಂಥ ಕೆರೆ ತುಂಬಿ ಕೋಡಿ ಹರೀತು ಅಂದ್ರೆ ಊರಿಗೆ ಊರೇ ಹೋಗಿ ಅರಿಶಿನ ಕುಂಕುಮ ಹಾಕಿ ಗಂಗಮ್ಮಂಗೆ ಕೈ ಮುಗಿದು ಬಂದ್ವಿ. ಶನಿವಾರ ಮುಗಿದ್ವಿ, ಭಾನುವಾರ ಕಟ್ಟೆ ಹೋಯ್ತು. ಸದ್ದು ಜೋರಾಗಿ ಬರುತ್ತೆ ಅಂದ್ಕೊಂಡಿದ್ದೆ, ಹಂಗೇನಿಲ್ಲ, ಲಾರಿಯಿಂದ ಮರಳು ಸುರಿದಂಗೆ ಒಂದು ಸದ್ದು, ಆಮೇಲೆ ಗದ್ದೆ ಬಯಲೆಲ್ಲ ನೀರು. ಊರೋರು ಮಕ್ಕಳು ಮರಿ ಕಟ್ಕೊಂಡು ದಿಣ್ಣೆ ಮೇಲಿನ ಸ್ಕೂಲಿಗೆ ಓಡಿದ್ರು. ನಿಮ್ಮ ತಾತ ಓಡೋದು ಎಲ್ಲಿಂದ ಬಂತು, ಸೊಂಟ ಮುರ್ಕೊಂಡು ಮಂಚದ ಮೇಲಿದ್ರು ಆಗ. ನಮ್ಮ ಮನೆ ಸ್ವಲ್ಪ ಎತ್ತರದಲ್ಲಿ ಅಲ್ವಾ, ಹಿತ್ತಲ ಬೇಲಿವರೆಗೂ ಬಂದು ನೀರು ನಿಂತ್ಕೊಳ್ತು. ತಾತನ್ನ ಎತ್ಕೊಂಡು ಹೋಗೋಕೆ ಹುಡುಗ್ರು ಬರ್ತೀವಿ ಅಂದ್ರು, ಬೇಡ, ಮೊದಲು ಕೆಳಗಿನ ಮನೆಯೋರನ್ನ ನೋಡ್ರಪ್ಪಾ ಅಂದೆ. ಹಂಗಾಗಿ ಆ ಬೀದೀಲಿ ಉಳಿದಿದ್ದು ನಾನು, ನಿಮ್ಮ ತಾತ, ಇಬ್ಬರೇ. ಕರೆಂಟಿಲ್ಲ, ಫೋನಿನ ಟವರು ಸತ್ತೋಗಿದೆ, ಸೌದೆ ನೆಂದು ಒಲೆ ಹತ್ತಲ್ಲ. ನಿಮ್ಮಪ್ಪ ಮಾಲೂರಲ್ಲಿ ಕೆಲಸದ ಮೇಲಿದ್ದ, ರಸ್ತೆ ಕಿತ್ಕೊಂಡು ಹೋಗಿ ಅವನು ಅಲ್ಲೇ, ನಾವು ಇಲ್ಲೇ.

ಈಗ ನಾರಾಯಣಿ ವಿಷಯಕ್ಕೆ ಬರ್ತೀನಿ ಇರು. ನಾರಾಯಣಿ ನಿಮ್ಮ ತಾತನ ತೀರ್ಕೊಂಡ ತಮ್ಮನ ಹೆಂಡ್ತಿ, ನನಗೆ ಓರಗಿತ್ತಿ, ನಿಮಗೆ ಚಿಕ್ಕಜ್ಜಿ. ಗದ್ದೆ ಬಯಲಿನ ಆಚೆ ಅವಳ ಹಿಪ್ಪುನೇರಳೆ ತೋಟ, ತೋಟದಲ್ಲೇ ರೇಷ್ಮೆ ಹುಳದ ಮನೆ. ಹುಳ ಮೇಯ್ತಿದ್ದಾಗ ಅವಳು ಊರೊಳಗಿನ ಮನೆಗೆ ಬರೋಳೇ ಅಲ್ಲ, ಹುಳದ ಜೊತೆನೇ ಊಟ, ಹುಳದ ಜೊತೆನೇ ನಿದ್ದೆ. ನಮ್ಮ ಹಿತ್ತಲಲ್ಲಿ ನಿಂತು ಕೂಗಿದ್ರೆ ಅವಳಿಗೆ ಕೇಳೋದು, ಅಷ್ಟೇ ದೂರ. ಆದ್ರೆ ನಾವು ಕೂಗ್ತಿರ್ಲಿಲ್ಲ. ಏಳು ವರ್ಷದಿಂದ ಮಾತು ಬಿಟ್ಟಿದ್ವಿ. ಯಾಕೆ ಅಂತ ಕೇಳಿದ್ರೆ ನಗ್ತೀರ. ನಿಮ್ಮಪ್ಪನ ಮದುವೇಲಿ ಊಟಕ್ಕೆ ಏಳಮ್ಮಾ ಅಂತ ಅವಳನ್ನ ನಾನು ಕರೀಲಿಲ್ವಂತೆ. ಮನೆಯೋಳನ್ನ ಬೇರೆ ಕರೀಬೇಕಾ ಅಂತ ನಾನು. ಅವಳು ಎಲೆ ಮುಂದೆ ಕೂರದೇ ಹೋದ್ಳು, ನಾನು ಹೋದ್ರೆ ಹೋಗ್ಲಿ ಅಂದೆ. ಸೊಕ್ಕು ಕಣೇ, ಬರೀ ಸೊಕ್ಕು, ಇಬ್ಬರಿಗೂ.

ಭಾನುವಾರ ಸಾಯಂಕಾಲದ ಹೊತ್ತಿಗೆ ಮಳೆ ನಿಂತು ಮಂಜು ಕವೀತು. ಎಂಥಾ ಮಂಜು ಅಂತೀಯಾ, ಆವನಿ ಬೆಟ್ಟ ಬಿಡು, ನಮ್ಮ ಹಿತ್ತಲ ನುಗ್ಗೆ ಮರವೇ ಕಾಣ್ತಿರ್ಲಿಲ್ಲ. ಹುಳದ ಮನೆ ಸೂರು ಕಾಣಿಸ್ತಿಲ್ಲ, ತೋಟ ಇದ್ದ ಜಾಗದಲ್ಲಿ ನೀರೇ ಇದೆ, ನಾರಾಯಣಮ್ಮ ಹೋದ್ಲು ಅಂತ ದಿಣ್ಣೆ ಹತ್ತೋ ಮುಂಚೆಯೇ ಎಲ್ರೂ ಹೇಳಿಯಾಗಿತ್ತು. ನಾನು ಅಳ್ಲಿಲ್ಲ. ಅಳು ಬರ್ಲಿಲ್ಲ, ಏನು ಮಾಡ್ಲಿ. ಹಿತ್ತಲ ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಆಗ ನೀರಿನ ಮೇಲಿಂದ ಬಂತು. ಅಕ್ಕಾ, ಅಂತ.

ನಾರಾಯಣಿ ಗಂಟಲೇ. ಮೂಗಲ್ಲಿ ಒಂಚೂರು ಎಳೆದು ಕರೆಯೋದು ಅವಳು, ಸೊಸೆಯಾಗಿ ಬಂದ ದಿನದಿಂದ ಹಂಗೇ. ಏಳು ವರ್ಷ ಅಕ್ಕ ಅನ್ನದೇ ಇದ್ದೋಳು ಇವತ್ತು ಸತ್ತ ದಿನ ಕರೀತಾಳಾ? ನಿಮಗೆ ಹೇಳಿದ್ದೀನೋ ಇಲ್ವೋ, ನಮ್ಮಮ್ಮ ನನಗೆ ಹೇಳಿಕೊಟ್ಟಿದ್ದು ಇದು. ನೀರಲ್ಲಿ ಹೋದೋರು ತಮ್ಮ ಗಂಟಲಲ್ಲೇ ಹತ್ತಿರದೋರನ್ನ ಕರೀತಾರೆ, ಆದ್ರೆ ಎರಡೇ ಸಲ, ಮೂರನೇ ಸಲ ಕರೆಯೋಕೆ ಗಾಳಿಗೆ, ಅಂದ್ರೆ ದೆವ್ವಕ್ಕೆ, ಆಗಲ್ಲ. ಅದಕ್ಕೇ ಮೂರನೇ ಸಲ ಕರೆದ್ರೆ ಮಾತ್ರ ಓ ಅನ್ನಬೇಕು. ಮೊದಲನೇದಕ್ಕೋ ಎರಡನೇದಕ್ಕೋ ಓ ಅಂದ್ರೆ ನಮ್ಮನ್ನೂ ಎಳ್ಕೊಂಡು ಹೋಗುತ್ತೆ. ನಾನು ಬಾಯಿಗೆ ಸೆರಗು ಹಿಡಿದು ನಿಂತೆ. ಅಕ್ಕಾ, ಅಂತ ಇನ್ನೊಂದು ಸಲ ಬಂತು. ಮೂರನೇದಕ್ಕೆ ಕಾದೆ. ಕಾದೆ, ಕಾದೆ, ಬರ್ಲೇ ಇಲ್ಲ. ಒಳಗೆ ಬಂದು ಬಾಗಿಲಿಗೆ ಪೊರಕೆ ಅಡ್ಡ ಇಟ್ಟು ಕೂತೆ. ನಿಮ್ಮ ತಾತನಿಗೆ ಕಿವಿ ದೂರ, ಏನೇ ಅದು ಅಂದ್ರು, ಏನಿಲ್ಲ ಬೆಕ್ಕು ಅಂದೆ.

ಸೋಮವಾರ ಮಧ್ಯಾಹ್ನ ಮತ್ತೆ ಬಂತು ಕಣೇ. ಹಾಡಹಗಲು, ಅಂದ್ರೂ ಮಂಜು ಹಂಗೇ ಕೂತಿತ್ತು, ಬಿಸಿಲು ಎಲ್ಲೋ ಮೇಲೆ ಬೆಳ್ಳಗೆ. ಹಸಿ ರಾಗಿ ಹಿಟ್ಟನ್ನ ಬೆಲ್ಲದ ನೀರಲ್ಲಿ ಕದಡಿ ನಿಮ್ಮ ತಾತನಿಗೆ ಕುಡಿಸ್ತಿದ್ದೆ. ಅಕ್ಕಾ, ಅಂತ. ಈ ಸಲ ತೋಟದ ಕಡೆಯಿಂದಲ್ಲ, ಇನ್ನೂ ಕೆಳಗೆ, ಕಾಲುವೆ ಕಡೆಯಿಂದ. ದನಿ ಕಟ್ಟಿದಂಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಅಕ್ಕಾ. ನೋಡು, ತೇಲ್ತಾ ತೇಲ್ತಾ ಕೆಳಗೆ ಹೋಗ್ತಾ ಇದಾಳೆ, ಹೋಗ್ತಾ ಹೋಗ್ತಾ ಕರೀತಾ ಇದಾಳೆ ಅಂದ್ಕೊಂಡೆ. ಆಗ ಅಳು ಬಂತು. ಹೋಗು ನಾರಾಯಣೀ, ನನ್ನ ಬಿಡು, ನಿನ್ನ ಭಾವನಿಗೆ ನಾನಿಲ್ದೇ ನಡೆಯಲ್ಲ ಅಂತ ಮನಸ್ಸಲ್ಲೇ ಬೇಡ್ಕೊಂಡೆ. ಮೂರನೇ ಸಲ ಆವತ್ತೂ ಬರ್ಲಿಲ್ಲ.

ಮಂಗಳವಾರ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದ್ರೆ ಬೇಲಿಗೆ ಒಂದು ಚಂದ್ರಿಕೆ ಬಂದು ಸಿಕ್ಕಾಕ್ಕೊಂಡಿದೆ. ಚಂದ್ರಿಕೆ ಗೊತ್ತಲ್ಲ, ಹುಳ ಗೂಡು ಕಟ್ಟೋಕೆ ಅಂತ ಬಿಡ್ತೀವಲ್ಲ, ಬಿದಿರಿನ ದೊಡ್ಡ ಚಾಪೆ ಥರದ್ದು, ಸುತ್ತು ಸುತ್ತಾಗಿ ಪಟ್ಟಿ ಇರುತ್ತೆ. ನಾರಾಯಣಿದೇ, ಮೂಲೇಲಿ ಅವಳ ಹಳೇ ಸೀರೆ ಅಂಚು ಕಟ್ಟಿತ್ತು. ತುಂಬಾ ಗೂಡು. ಸತ್ತೋಳ ಮನೆ ಸಾಮಾನು, ಮುಟ್ಟಬಾರದು ಅಂತ ಕೋಲಲ್ಲಿ ತಳ್ಳೋಕೆ ಹೋದೆ. ಹೋದೋಳು ಹಂಗೇ ನಿಂತೆ. ಯಾಕಂದ್ರೆ ಆ ಗೂಡು ಬಿಳೀ ಪರದೆಯಂಗೆ ತೆಳ್ಳಗಿತ್ತು, ಒಳಗೆ ಹುಳ ತಲೆ ಆಡಿಸೋದು ಕಾಣ್ತಿತ್ತು. ನಾನೂ ಇಪ್ಪತ್ತು ವರ್ಷ ಹುಳ ಮೇಯಿಸಿದೋಳು. ಹುಳ ಹಣ್ಣಾದ ಮೇಲೆ, ಅಂದ್ರೆ ಮೇವು ಬಿಟ್ಟು ಗೂಡು ಕಟ್ಟೋಕೆ ಬಂದ ಮೇಲೆ, ಒಂದೊಂದೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು, ತಾವಾಗಿ ಬಂದು ಹತ್ತಲ್ಲ. ಬಿಟ್ಟ ಮಾರನೇ ದಿನ ಗೂಡು ಹಿಂಗೆ ತೆಳ್ಳಗಿರುತ್ತೆ, ಮೂರನೇ ದಿನಕ್ಕೆ ಗಟ್ಟಿಯಾಗಿ ಒಳಗಿನ ಹುಳ ಕಾಣೋದೇ ಇಲ್ಲ. ಕಟ್ಟೆ ಒಡೆದಿದ್ದು ಭಾನುವಾರ ಬೆಳಿಗ್ಗೆ. ಈ ಹುಳ ಬಿಟ್ಟಿರೋದು ನಿನ್ನೆ. ಸತ್ತೋರು ಹುಳ ಆರಿಸ್ತಾರಾ? ಕೋಲು ಬಿಸಾಕಿ ನೀರಿನ ಅಂಚಿಗೆ ಹೋದೆ.

ನಾರಾಯಣೀ, ಅಂತ ಕೂಗಿದೆ. ಏಳು ವರ್ಷ ಆಡದೇ ಇದ್ದ ಹೆಸರು. ಉತ್ತರ ಇಲ್ಲ. ಇನ್ನೊಂದು ಸಲ ಕೂಗಿದೆ. ಇಲ್ಲ. ಬರೀ ಮಂಜು, ನೀರು ಬೇಲಿಗೆ ಬಡಿಯೋದು. ಆಮೇಲೆ ಹೊಳೀತು. ಅವಳೂ ಇದೇ ಮನೇಲಿ ಸೊಸೆಯಾಗಿದ್ದೋಳು, ಅವಳಿಗೆ ಆ ಮೂರು ಸಲದ ಮಾತು ಹೇಳಿಕೊಟ್ಟಿದ್ದೋಳೇ ನಾನು. ಅವಳು ಬಾಯಿ ಮುಚ್ಕೊಂಡು ಮೂರನೇದಕ್ಕೆ ಕಾಯ್ತಾ ಇದಾಳೆ. ಕೋಪ ಬಂತು ನೋಡು, ಯಾರ ಮೇಲೆ ಅಂತ ಗೊತ್ತಿಲ್ಲ, ಕೋಪ ಬಂದ್ರೆ ನಮ್ಮನೇಲಿ ತೆಲುಗೇ ಬರೋದು. ಏಮೇ ನಾರಾಯಣೀ, ಬತಿಕುಂಡಾವಾ, ಅಂತ ಕಿರುಚಿದೆ. ಬದುಕಿದ್ದೀಯಾ ಅಂತ. ಊಟಕ್ಕೆ ಕರೀಲಿಲ್ಲ ಅಂತ ಏಳು ವರ್ಷ ಮುಖ ತಿರುಗಿಸ್ದೆ, ಈಗ ಕರೀತಾ ಇದೀನಿ ಓ ಅನ್ನೋಕೇನು ದಾಡಿ ಅಂತ ಬಾಯಿಗೆ ಬಂದಂಗೆ ಬೈದೆ.

ಮಂಜಿನೊಳಗಿಂದ ಬಂತು, ಇಷ್ಟೇ ಇಷ್ಟು ಸಣ್ಣ ದನಿ.

"ಬತಿಕೇ ಉಂಡಾನು ಅಕ್ಕಾ. ನೀನು?"

ನಾನೂ ಇದೀನಿ ಕಣೇ ಅಂದೆ. ಹುಳದ ಮನೆ ಸೂರು ಕುಸಿದು, ಒಂದು ಗೋಡೆ ಬಿದ್ದು, ಅವಳು ಅಟ್ಟದ ಮೇಲೆ ಹುಳದ ತಟ್ಟೆಗಳ ಮಧ್ಯೆ ಕೂತಿದ್ಲು. ಎರಡು ದಿನದಿಂದ ನಮ್ಮ ಕಡೆ ದೀಪ ಇಲ್ಲ, ಹೊಗೆ ಇಲ್ಲ, ಜನದ ಸದ್ದಿಲ್ಲ, ನೀರು ಊರನ್ನೇ ತಗೊಂಡೋಯ್ತು ಅಂತ ಅವಳ ಲೆಕ್ಕ. ಉಳಿದಿರೋಳು ನಾನೊಬ್ಬಳೇ, ಹುಳ ಹಣ್ಣಾಗಿವೆ, ಅವಾದ್ರೂ ಗೂಡು ಕಟ್ಟಲಿ ಅಂತ ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟಿದಾಳೆ ಪಾಪ, ಅದರಲ್ಲೊಂದು ರಾತ್ರಿ ನೀರಿಗೆ ಜಾರಿ ನಮ್ಮ ಬೇಲಿಗೆ ಬಂದಿದ್ದು. ಸ್ಕೂಲಿಗೆ ಹೇಳಿ ಕಳಿಸೋಕೆ ಯಾರೂ ಇಲ್ಲ, ನಾನೇ ಕಂಚಿನ ತಟ್ಟೆ ತಗೊಂಡು ಬೀದೀಲಿ ನಿಂತು ಬಡಿದೆ. ದಿಣ್ಣೆಯಿಂದ ಹುಡುಗ್ರು ಇಳಿದು ಬಂದ್ರು, ಲಾರಿ ಟ್ಯೂಬು, ಹಗ್ಗ ತರೋಕೆ ಹೋದ್ರು. ಅವರು ಬರೋವರೆಗೂ ಅವಳು ನಿದ್ದೆಗೆ ಜಾರಬಾರದು ಅಂತ ಏನೇನೋ ಕೇಳ್ತಿದ್ದೆ. ಹುಳ ಎಷ್ಟು ತಟ್ಟೆ, ಶ್ರೀನಿವಾಸಪುರದ ಮಗಳು ಹೆಂಗಿದಾಳೆ, ಆವತ್ತು ಮದುವೇಲಿ ಯಾವ ಸೀರೆ ಉಟ್ಟಿದ್ದೆ ಅಂತೆಲ್ಲ. ಒಂದೊಂದಕ್ಕೂ ಓ ಅಂದ್ಲು. ಬಿಸಿಲೇರೋ ಹೊತ್ತಿಗೆ ಕರ್ಕೊಂಡು ಬಂದ್ರು, ಕಾಲು ಎರಡೂ ನೀರಲ್ಲಿ ನೆಂದು ಬೆಳ್ಳಗಾಗಿತ್ತು, ನಾನೇ ಒಣ ಬಟ್ಟೆ ಸುತ್ತಿ ಮಲಗಿಸ್ದೆ.

ಮಲಗಿದೋಳ ಪಕ್ಕ ಕೂತು ತಪ್ಪಾಯ್ತು ಅಂದೆ. ಭಾನುವಾರ ನೀನು ಕರೆದಿದ್ದು ಕೇಳಿಸ್ತು, ಸೋಮವಾರ ಮಧ್ಯಾಹ್ನ ಕರೆದಿದ್ದೂ ಕೇಳಿಸ್ತು, ಗಾಳಿ ಅಂದ್ಕೊಂಡು ಸುಮ್ಮನಿದ್ದೆ ಅಂದೆ.

"ಭಾನುವಾರ ಎರಡು ಸಲ ಕರೆದೆ ಅಕ್ಕಾ, ನೀನು ಓ ಅನ್ನದಿದ್ದಕ್ಕೆ ನೀನೂ ಹೋದೆ ಅಂದ್ಕೊಂಡು ಬಿಟ್ಟೆ. ಸೋಮವಾರ ನಾನು ಬಾಯೇ ಬಿಡ್ಲಿಲ್ಲ. ಕರೆದಿದ್ದು ನೀನಲ್ವಾ?"

ಅವಳಿಗೂ ಕೇಳಿಸಿದೆ. ಅದೇ ಮಧ್ಯಾಹ್ನ, ಅದೇ ಕಾಲುವೆ ಕಡೆಯಿಂದ, ಹೆಣ್ಣಿನ ದನಿ, ಏನಂತ ಕರೀತು ಅಂತ ಬಿಡಿಸಿ ಕೇಳಿಸ್ಲಿಲ್ವಂತೆ, ಎರಡು ಸಲ. ಸತ್ತ ನಾನು ಅವಳನ್ನ ಕರೀತಿದ್ದೀನಿ ಅಂತ ಅವಳು ಕಿವಿ ಮುಚ್ಕೊಂಡಿದಾಳೆ, ಸತ್ತ ಅವಳು ನನ್ನ ಕರೀತಿದಾಳೆ ಅಂತ ನಾನು ಬಾಯಿ ಮುಚ್ಕೊಂಡಿದೀನಿ. ಸ್ಕೂಲಲ್ಲಿ ತಲೆ ಎಣಿಸಿದ್ರು, ಊರಲ್ಲಿ ಯಾರೂ ಕಮ್ಮಿ ಇಲ್ಲ. ಕುರಿ ಹೊಡ್ಕೊಂಡು ಬಂದ ಯಾರೋ ಇರಬೇಕು ಅಂತ ಒಬ್ಬರು, ಕಾಲುವೆ ಪಕ್ಕದ ದಾರೀಲಿ ನಡ್ಕೊಂಡು ಹೋಗ್ತಿದ್ದ ಯಾವುದೋ ಹೆಣ್ಣು ಅಂತ ಒಬ್ಬರು. ನೀರಿಳಿದ ಮೇಲೆ ಕಾಲುವೆ ಉದ್ದಕ್ಕೂ ಹುಡುಕಿದ್ವಿ, ಏನೂ ಸಿಗಲಿಲ್ಲ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ ನಮಗೆ. ಈ ಕಡೆ ಒಬ್ಬಳು, ಆ ಕಡೆ ಒಬ್ಬಳು, ಇಬ್ಬರೂ ಬದುಕಿದ್ದೋರು, ಇಬ್ಬರಿಗೂ ಕೇಳಿಸ್ತು, ಒಬ್ಬಳೂ ಓ ಅನ್ಲಿಲ್ಲ.

ಅದಕ್ಕೇ ಹೇಳೋದು, ಯಾರಾದ್ರೂ ಕರೆದ್ರೆ ಮೊದಲನೇ ಸಲಕ್ಕೇ ಓ ಅನ್ರಮ್ಮಾ. ಗಾಳಿ ಆಗಿದ್ರೆ ಆಗ್ಲಿ.