ಒಲೆಯ ಮುಂದೆ ಹೇಳಿದ ಕಾದಂಬರಿ

ಅಧ್ಯಕ್ಷತೆ ವಹಿಸಿರುವ ಪ್ರಾಚಾರ್ಯರೇ, ನಮ್ಮನ್ನು ಈ ಸ್ಪರ್ಧೆಗೆ ನೂಕಿದ ಕನ್ನಡ ವಿಭಾಗದ ವಿಜಯಲಕ್ಷ್ಮಿ ಮೇಡಮ್ಮರೇ, ಗೌರವಾನ್ವಿತ ತೀರ್ಪುಗಾರರೇ, ಅಡುಗೆಯ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಒಂದೇ ತಿಂಗಳಲ್ಲಿ ಕಾದಂಬರಿ ಬರೆದು ಮುಗಿಸಿದ್ದಕ್ಕೆ ನನಗೆ ಶಾಲು ಹೊದಿಸಿದ್ದೀರಿ. ಸಂತೋಷವಾಯಿತೇ ಎಂದು ಎಲ್ಲರೂ ಕೇಳುತ್ತಿದ್ದಾರೆ. ಆಗಿರಬೇಕು. ಸದ್ಯಕ್ಕೆ ದಣಿವೊಂದೇ ಗೊತ್ತಾಗುತ್ತಿದೆ. ಸಮಯಪಾಲನೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಪ್ರಾಚಾರ್ಯರ ಅಪ್ಪಣೆ. ಆದರೆ ನನಗೆ ಸಮಯವೆಲ್ಲಿತ್ತು?

ನವೆಂಬರ್ ಮೊದಲ ವಾರದಲ್ಲೇ ನಮ್ಮವ್ವನ ಕಣ್ಣಿನ ಆಪರೇಷನ್ ಆಯಿತು. ಒಲೆಯ ಹತ್ತಿರ ಹೋಗಬಾರದು ಎಂದರು ಡಾಕ್ಟರು. ಕೊಣ್ಣೂರಿನ ಮನೆಯಲ್ಲಿ ರೊಟ್ಟಿ ಬಡಿದಿಟ್ಟು, ಬಸ್ಸು ಹಿಡಿದು ಗೋಕಾಕಕ್ಕೆ ಬಂದು, ಪಾಠ ಕೇಳಿ, ತಿರುಗಿ ಹೋಗಿ ಮತ್ತೆ ರೊಟ್ಟಿ ಬಡಿಯಬೇಕು. ಬರೆಯಲು ಕೈ ಖಾಲಿ ಇರಲಿಲ್ಲ. ಬಾಯಿ ಇತ್ತು. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಕಾದಂಬರಿ ಹೇಳತೊಡಗಿದೆ. ಅದು ಕೇಳಿಸಿಕೊಂಡು ತಾನೇ ಬರೆದುಕೊಳ್ಳುತ್ತಿತ್ತು. ನಮ್ಮ ಮಾತು ಅದಕ್ಕೆ ಸರಿಯಾಗಿ ತಿಳಿಯದು. ನಾನು ‘ಮನಿ ಬಿಟ್ಟಳು’ ಎಂದರೆ ಅದು ‘ಮಣಿ ಬಿಟ್ಟಳು’ ಎಂದು ಬರೆಯಿತು. ಈ ಮಣಿ ಯಾರೆಂದು ಮೇಡಮ್ಮರು ಬಹಳ ಹುಡುಕಿದರಂತೆ.

ಮನೆ ಬಿಟ್ಟವಳು ನನ್ನ ನಾಯಕಿ ನೇತ್ರಾ. ಇದನ್ನು ಇಲ್ಲಿ ಹೇಳುವ ವಿಚಾರವಿರಲಿಲ್ಲ, ಆದರೂ ಬಾಯಿಗೆ ಬಂದಿದೆ: ನೇತ್ರಾ ಎಂದರೆ ನಮ್ಮ ಅಕ್ಕ ಸುಜಾತಾ. ಹುಕ್ಕೇರಿಗೆ ಕೊಟ್ಟಿದ್ದೆವು. ಗಂಡನನ್ನು ಬಿಟ್ಟು ಮೂಡಲಗಿಗೆ ಹೋಗಿ, ಹೊಲಿಗೆ ಅಂಗಡಿ ಇಟ್ಟುಕೊಂಡು ಒಬ್ಬಳೇ ಇದ್ದಾಳೆ. ಅತ್ತೆಯ ಜೊತೆ ಜಗಳವಾಡಿ ಹೋದಳು ಎಂದೇ ಅಪ್ಪ ತಿಳಿದಿದ್ದ. ‘ಆಕೀ ಸುದ್ದಿ ಈ ಮನ್ಯಾಗ ಬ್ಯಾಡ’ ಎಂದಿದ್ದ. ನಿಜ ಹೇಳಲು ಹೋದ ಅವ್ವನ ಬಾಯಿ ಮುಚ್ಚಿಸಿದ್ದ.

ನಮ್ಮಪ್ಪ ಲಗಮಪ್ಪ ಹಿಡಕಲ್ ಅಣೆಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ದಿನವೂ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂರುತ್ತಾನೆ. ಒಂದು ಮುಂಜಾನೆ, ನೇತ್ರಾಳ ಗಂಡ ಕುದಿಯುವ ಚಹಾವನ್ನು ಅವಳ ಕೈಮೇಲೆ ಸುರಿಯುವ ಭಾಗ ಹೇಳುತ್ತಿದ್ದೆ. ಹೊರಗೆ ಪೇಪರಿನ ಸದ್ದು ನಿಂತಿತು.

‘ಖರೇನ ಇದು?’

‘ಕಾದಂಬರಿ ಅಪ್ಪಾ.’

‘ಕಾದಂಬರಿ ಅಂತ ಗೊತ್ತೈತಿ. ಖರೇನ ಅಂತ ಕೇಳಿದ್ನಿ.’

ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ‘ಖರೆ ಐತಿ’ ಅಂದೆ. ಅವತ್ತು ಅಪ್ಪ ಉಣ್ಣಲಿಲ್ಲ.

ಮರುದಿನ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಬಂದಿತ್ತು. ‘ನಿನ್ನಿ ಎಲ್ಲಿಗೆ ನಿಲ್ಲಿಸಿದ್ದಿ?’ ಎಂದು ಕೇಳಿದ. ಅಲ್ಲಿಂದ ಮುಂದೆ ಒಂದು ದಿನವೂ ತಪ್ಪಿಸಲಿಲ್ಲ. ನಿದ್ದೆ ಸಾಲದೆ ಬಿಟ್ಟುಬಿಡೋಣ ಎನ್ನಿಸಿದಾಗಲೂ ಬಿಡುವಂತಿರಲಿಲ್ಲ, ಕೇಳುವವನು ಕೂತಿದ್ದ. ಅಕ್ಕನ ಹೆಸರೆತ್ತಲು ಬಿಡದ ಮನೆಯಲ್ಲಿ ದಿನವೂ ಅಕ್ಕನ ಮಾತೇ ನಡೆಯಿತು, ನೇತ್ರಾ ಎಂಬ ಹೆಸರಿನಲ್ಲಿ. ಒಮ್ಮೆ ಅಪ್ಪ ಸಿಟ್ಟಾದ.

‘ಆಕೀ ಅಪ್ಪ ಯಾಕ ಆಕೀನ್ನ ಕರಿಯಾಕ ಹೋಗವಲ್ಲ? ಎಂಥಾ ಮನಶ್ಯಾ ಅಂವ?’

‘ಮುಂದ ಹೋಗ್ತಾನ’ ಅಂದೆ. ಬರೆದೂಬಿಟ್ಟೆ. ನನ್ನ ಕಾದಂಬರಿಯ ಕೊನೆಯಲ್ಲಿ ನೇತ್ರಾ ತಂದೆಯ ಜೊತೆ ಊರಿನಲ್ಲಿ ಬಸ್ಸಿಳಿಯುತ್ತಾಳೆ. ತಿಂಗಳು ಮುಗಿಯಿತು, ಒಪ್ಪಿಸಿದೆ. ಅಂತ್ಯ ಬಹಳ ಚೆನ್ನಾಗಿದೆ ಎಂದು ತೀರ್ಪುಗಾರರು ಈಗಷ್ಟೇ ಹೊಗಳಿದರು.

ಡಿಸೆಂಬರಿನಲ್ಲಿ ಅಪ್ಪ ಯಾರಿಗೂ ಹೇಳದೆ ಮೂಡಲಗಿಗೆ ಹೋದ. ಸಂಜೆ ಒಬ್ಬನೇ ತಿರುಗಿ ಬಂದ. ನಾನೂ ಅವ್ವನೂ ಅವನ ಬೆನ್ನ ಹಿಂದೆ ನೋಡಿದೆವು. ಯಾರೂ ಇರಲಿಲ್ಲ.

‘ಬರೂದಿಲ್ಲಂತ’ ಅಂದ. ‘ಅಂಗಡಿ ಚೊಲೊ ನಡದೈತಿ, ಇಲ್ಲೇ ಇರ್ತೇನಿ ಅಂದ್ಳು. ಕೈಮ್ಯಾಲಿನ ಸುಟ್ಟ ಕಲಿ ನೋಡಿದ್ನಿ.’ ಮತ್ತೆ ಹೇಳಿದ: ‘ಟೇಪ್ ತಗೊಂಡು ನನ್ನ ಅಂಗಿ ಅಳತಿ ತಗೊಂಡ್ಳು. ಸಣ್ಣಾಗೀಯಲ್ಲಪಾ ಅಂದ್ಳು.’

ಹೇಳಿ ಗೋಡೆ ಕಡೆ ತಿರುಗಿ ಕೂತ. ಅವ್ವ ಆಪರೇಷನ್ ಆದ ಕಣ್ಣು ಒರೆಸಿಕೊಳ್ಳಬಾರದೆಂದು ಸೆರಗನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು.

ಹಾಗಾಗಿ, ಸಭಿಕರೇ, ನೀವು ಮೆಚ್ಚಿದ ಆ ಅಂತ್ಯ ಸರಿಯಿಲ್ಲ. ತಿದ್ದಬೇಕು. ಯಾವಾಗ ತಿದ್ದುತ್ತೇನೋ, ಈಗಂತೂ ಶಕ್ತಿಯಿಲ್ಲ. ಇವತ್ತು ನನ್ನ ಸನ್ಮಾನಕ್ಕೆ ಅಪ್ಪ ಬಂದಿಲ್ಲ, ಬೇಸರವೂ ಇಲ್ಲ. ಅಂಗಿ ಸಿದ್ಧವಾಗಿದೆಯೆಂದು ಅಕ್ಕ ಫೋನ್ ಮಾಡಿದ್ದಳು. ಅವ್ವನನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೇ ಮೂಡಲಗಿಗೆ ಹೋಗಿದ್ದಾನೆ.

ಬರೆಯಲು ಹಚ್ಚಿದ ಮೇಡಮ್ಮರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆ ನನ್ನ ಧನ್ಯವಾದಗಳು. ಊಟಕ್ಕೆ ತಡಮಾಡಿದ್ದಕ್ಕೆ ಕ್ಷಮಿಸಿರಿ. ಎಲ್ಲರಿಗೂ ಜೈಭೀಮ್, ನಮಸ್ಕಾರ.