ಗಿಣ್ಣದ ಹಾಲು

ಭಿವಂಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆಯ ದಿನ. ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಅತ್ತೆ, ತುಂಬು ಬಸುರಿ ಸೊಸೆ. ಮಾತು ವಿಜಯಪುರದ ಕಡೆಯದು.

"ಭಾಗೀರಥಿ, ಕೂಸು ಹುಟ್ಟಿದ ಕೂಡ್ಲೆ ಎದಿಗೆ ಹಚ್ಚಬ್ಯಾಡ. ಮೊದಲಿನ ಹಳದಿ ಹಾಲು ಹಿಂಡಿ ಚೆಲ್ಲು."

"ಯಾಕ್ರಿ ಅತ್ತಿ?"

"ಹೊಲಸು ಇರ್ತದ. ಕೂಸಿಗೆ ಅರಗಂಗಿಲ್ಲ."

"ಮೊನ್ನೆ ಹಾಲಿನವರ ತಬೇಲಾದ ಎಮ್ಮಿ ಈದಾಗ ಚೊಂಬು ಹಿಡ್ಕೊಂಡು ಓಡಿದ್ರಿ. ಅದೂ ಮೊದಲಿನ ಹಾಲ ಅಲ್ಲೇನ್ರಿ?"

"ಅದು ಗಿಣ್ಣ ಮಾಡಾಕ. ಬೆಲ್ಲ, ಯಾಲಕ್ಕಿ ಹಾಕಿ ಕಾಸಿದ್ರ ಎಷ್ಟ್ ರುಚಿ."

"ಎಮ್ಮೀದು ನಿಮಗ ಅರಗ್ತದ. ನಂದು ನನ್ನ ಕೂಸಿಗೆ ಅರಗಂಗಿಲ್ಲ?"

ಅತ್ತೆ ಸೆರಗು ಸರಿಮಾಡಿಕೊಂಡರು.

"ನಾನೂ ಚೆಲ್ಲೀನಿ. ನಿನ್ನ ಗಂಡಗ ಏನಾಗ್ಯದ?"

"ದಿನಾ ಅದನ್ನೇ ನೋಡಾಕತ್ತೀನಲ್ರಿ."

ಒಳಗಿನಿಂದ ನರ್ಸ್ ಹೆಸರು ಕೂಗಿದರು. ಅತ್ತೆ ನಗು ತಡೆಯುತ್ತ ಸೊಸೆಯ ತೋಳು ಹಿಡಿದು ಎಬ್ಬಿಸಿದರು.

"ನಡಿ. ಈ ಕೂಸಿಗಾದ್ರೂ ಕುಡಿಸಿ ನೋಡೋಣು."