ಫೇಲಾಯ್ತೆಂಬ ಸಂಭ್ರಮ

ಬಸ್ಸಿನ ಕಿಟಕಿಗೆ ಒರಗಿ ತೂಕಡಿಸುತ್ತಿದ್ದ ಶಾಲೆಯ ಮೇಡಂಗೆ ಹಿಂದಿನ ಸೀಟಿನಿಂದ ಹುಡುಗಿಯೊಬ್ಬಳ ಕೂಗು ಕೇಳಿ ನಿದ್ದೆ ಹಾರಿಹೋಯಿತು.

"ಅಕ್ಕಾ, ಮೆಸೇಜ್ ಬಂತು, ಟೆಸ್ಟ್ ಫೇಲಾಯ್ತು!"

ಫೇಲಾಗಿದ್ದಕ್ಕೆ ಹೀಗೆ ಹಿಗ್ಗುವವರನ್ನು ಮೇಡಂ ಇದುವರೆಗೆ ಕಂಡಿರಲಿಲ್ಲ. ಅವರ ಕಿವಿ ನೆಟ್ಟಗಾಯಿತು.

"ಆಸ್ಪತ್ರೆ ಡೇಟಾಬೇಸ್ ಟೆಸ್ಟಾ?" ಎಂದಿತು ಪಕ್ಕದ ಹಿರಿಯ ದನಿ.

"ಹೂಂ, ದಿನಾ ಪಾಸಾಗ್ತಿತ್ತಲ್ಲ, ಅದೇ. ನನ್ನ ಕೋಡ್ ನೋಡಿ ನೀವು ಹೇಳಿದ್ದೇ ಸರಿ ಅಕ್ಕ. ಮೂಲದ್ದು ಕೆಟ್ರೆ ಬೇಕಾಗುತ್ತೆ ಅಂತ ಇಟ್ಟಿರೋ ನಕಲು ಸರಿಯಾಗಿದೆಯಾ ಅಂತ ನೋಡೋ ಟೆಸ್ಟು, ಮೂಲ ಸರ್ವರನ್ನೇ ಓದ್ತಿತ್ತು."

"ಹೆತ್ತವರಿಗೆ ಹೆಗ್ಗಣ ಮುದ್ದು ಕಣೇ. ನಾವು ಬರೆದಿದ್ರಲ್ಲಿ ತಪ್ಪು ನಮಗೆ ಕಾಣಲ್ಲ. ಈಗ?"

"ಈಗ ನಕಲಿರೋ ಸರ್ವರನ್ನೇ ಓದಿಸ್ದೆ. ರೋಗಿಗಳ ಅಲರ್ಜಿ ವಿವರ ಅಲ್ಲಿಗೆ ಬಂದೇ ಇಲ್ಲ!"

"ಅಯ್ಯಯ್ಯೋ! ಮೂಲದ್ದು ಕೆಟ್ಟು ನಿಂತಿದ್ರೆ ಡಾಕ್ಟರು ಏನು ನೋಡಿ ಔಷಧಿ ಕೊಡ್ಬೇಕಿತ್ತು?"

"ಅದಕ್ಕೇ ಕುಣಿಯೋ ಹಾಗಾಗಿದೆ. ಸೋಮವಾರ ಆಸ್ಪತ್ರೆಯಲ್ಲಿ ಶುರುವಾಗ್ಬೇಕಿದ್ದ ಸಾಫ್ಟ್‌ವೇರು, ತಪ್ಪು ಇವತ್ತೇ ಸಿಕ್ಕಿಬಿತ್ತು!"

"ಭಲೇ ಹುಡುಗಿ! ಏಳು, ನಮ್ಮ ಸ್ಟಾಪ್ ಬಂತು."

"ಬಾಸಿಗೆ ಏನಂತ ಹೇಳೋದಕ್ಕ?"

"ಫೇಲಾಗಿದೀವಿ ಸಾರ್, ಸಿಹಿ ತಗೊಳ್ಳಿ ಅಂತ!"

ಇಬ್ಬರೂ ಕೈ ಕೈ ಹಿಡಿದು, ಬಿದ್ದು ಬಿದ್ದು ನಗುತ್ತಾ ಇಳಿದುಹೋದರು. ತಾವು ಮುಖ ಕೂಡ ಸರಿಯಾಗಿ ನೋಡದ ಆ ಹುಡುಗಿಗೆ ಮೇಡಂ ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದರು.